ಅಡುಗೆ ಗ್ಯಾಸಿನ ರೆಗ್ಯುಲೇಟರ್ ಕಟ್ಟಿಕೊಂಡು ಕಡಲಿಗಿಳಿದವರು

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ನಾನು ಮತ್ತು ಮಗ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬಂದೆವು. ಅಂದಿನಿಂದ ಅವನಿಗೆ ಅದೇ ಧ್ಯಾನ. ಮೆಕ್ಯಾನಿಕಲ್ ಡಿಪ್ಲೊಮಾ ಎರಡನೆಯ ವರ್ಷದಲ್ಲಿ ಓದುತ್ತಿದ್ದಾನೆ. ಈ ಕ್ರೀಡೆಯ ಮೊದಲ ದಿನಗಳಲ್ಲಿ ಜನ ಸಲಕರಣೆಗಳನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು, ಅಡುಗೆ ಗ್ಯಾಸಿನ ರೆಗ್ಯುಲೇಟರನ್ನೇ ಬದಲಿಸಿ ನೀರಿನೊಳಗೆ ಉಸಿರಾಡುತ್ತಿದ್ದರು ಎಂದು ಎಲ್ಲೋ ಓದಿದ್ದಾನಂತೆ. ‘ಅವರಿಗೆ ಆದದ್ದು ನನಗೇಕೆ ಆಗಬಾರದು’ ಎಂದು ಕೇಳುತ್ತಾನೆ. ಇದು ನಿಜವೇ? ಅವನಿಗೆ ಏನು ಹೇಳಲಿ?
(ಒಬ್ಬ ತಂದೆ, ದಾವಣಗೆರೆ)

ಉತ್ತರ: ನಿಜ. ನಿಮ್ಮ ಮಗ ಓದಿದ್ದು ಕಟ್ಟುಕಥೆಯಲ್ಲ. 1950ರ ದಶಕದಲ್ಲಿ ಬ್ರಿಟನ್ನಿನ ಹಲವು ಹವ್ಯಾಸಿಗಳು ಕ್ಯಾಲರ್ ಗ್ಯಾಸ್ ಎಂಬ ಅಡುಗೆ ಅನಿಲದ ರೆಗ್ಯುಲೇಟರನ್ನು ಬಿಚ್ಚಿ, ಒಳಗಿನ ಸ್ಪ್ರಿಂಗ್ ಬದಲಿಸಿ, ಮುಚ್ಚಳಕ್ಕೆ ದೊಡ್ಡ ತೂತುಗಳನ್ನು ಕೊರೆದು, ಬೆನ್ನಿಗೆ ವಾಯುಪಡೆಯ ಹಳೆಯ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಇಳಿದಿದ್ದರು. ಬಹುಪಾಲು ಜನ ಕ್ಷೇಮವಾಗಿ ಮೇಲೆ ಬಂದರು. ಬಾರದವರೂ ಇದ್ದರು.

ನಾನು ಇಪ್ಪತ್ತಾರು ವರ್ಷಗಳಿಂದ ಡೈವಿಂಗ್ ರೆಗ್ಯುಲೇಟರುಗಳನ್ನು ಬಿಚ್ಚಿ, ತೊಳೆದು, ಸವೆದ ಭಾಗ ತೆಗೆದು ಮತ್ತೆ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ಆ ಕಾಲದವರು ಕೈಯಾರೆ ಮಾಡಿಕೊಂಡ ಸಲಕರಣೆಗಳನ್ನು ನೆನೆದರೆ ನನಗೆ ಗೌರವವೂ ಹುಟ್ಟುತ್ತದೆ, ಎದೆಯೂ ನಡುಗುತ್ತದೆ. ಎರಡಕ್ಕೂ ಕಾರಣ ಹೇಳುತ್ತೇನೆ. ಉತ್ತರ ಉದ್ದವಾಗುತ್ತದೆ, ಆದರೆ ನಿಮ್ಮ ಮಗ ಕೇಳಿರುವ ಪ್ರಶ್ನೆಗೆ ‘ಬೇಡ’ ಎಂಬ ಒಂದು ಮಾತಿನ ಉತ್ತರ ಕೊಟ್ಟರೆ ಅವನು ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಮೊದಲಿಗೆ ಒಂದು ಸಂಗತಿ. ಅಡುಗೆ ಗ್ಯಾಸಿನ ಕವಾಟವನ್ನು ನೀರಿಗೆ ಇಳಿಸಿದವರಲ್ಲಿ ಆ ಬ್ರಿಟಿಷರು ಮೊದಲಿಗರಲ್ಲ. ಇಡೀ ಕ್ರೀಡೆಗೆ ತಾಯಿಬೇರಾದ ಆಕ್ವಾ-ಲಂಗ್ ಎಂಬ ಉಸಿರಾಟದ ಸಾಧನ ಹುಟ್ಟಿದ್ದೇ ಹಾಗೆ. ಅದು 1942ರ ಡಿಸೆಂಬರ್. ಫ್ರಾನ್ಸ್ ಜರ್ಮನ್ನರ ಹಿಡಿತದಲ್ಲಿತ್ತು, ಸಾಮಾನ್ಯರಿಗೆ ಪೆಟ್ರೋಲ್ ಸಿಗುತ್ತಿರಲಿಲ್ಲ. ಅದೇ ಯುದ್ಧದ ವರ್ಷಗಳಲ್ಲಿ ನಮ್ಮ ಕಡೆಯೂ ಬಸ್ಸುಗಳ ಹಿಂಭಾಗಕ್ಕೆ ಇದ್ದಿಲಿನ ಒಲೆ ಕಟ್ಟಿ, ಅದರ ಅನಿಲದಿಂದ ಎಂಜಿನ್ ಓಡಿಸುತ್ತಿದ್ದರೆಂದು ಹಿರಿಯರಿಂದ ನೀವು ಕೇಳಿರಬಹುದು. ಅಲ್ಲಿಯೂ ಅದೇ ಬಗೆಯ ಪಾಡು. ಪ್ಯಾರಿಸ್ಸಿನ ಏರ್ ಲಿಕ್ವಿಡ್ ಕಂಪನಿಯಲ್ಲಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್, ಕಾರಿನ ಎಂಜಿನ್ನಿಗೆ ಅಡುಗೆ ಅನಿಲವನ್ನು ಬೇಕಾದಾಗ ಬೇಕಾದಷ್ಟೇ ಬಿಡುವ ಪುಟ್ಟ ಕವಾಟವೊಂದನ್ನು ರೂಪಿಸಿದ್ದರು. ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ತೊ ಈ ಗಾನ್ಯಾನರ ಬಳಿಗೆ ಹೋಗಿ, ಮುಳುಗಿದವನು ಉಸಿರೆಳೆದಾಗ ಮಾತ್ರ ಗಾಳಿ ಬಿಡುವಂಥ ಸಾಧನ ಬೇಕೆಂದು ಕೇಳಿದಾಗ, ಗಾನ್ಯಾನ್ ಬೇಕಲೈಟಿನ ಆ ಕವಾಟವನ್ನೇ ಮುಂದೆ ಹಿಡಿದು ‘ಇಂಥದ್ದೇ?’ ಎಂದರಂತೆ. ಕೂಸ್ತೊ ತಾವೇ ಬರೆದುಕೊಂಡಿರುವ ಪ್ರಸಂಗವಿದು.

ಈ ಕವಾಟ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಪ್ಯಾರಿಸ್ಸಿಗೆ ಹೋಗಬೇಕಿಲ್ಲ, ನಿಮ್ಮ ಅಡುಗೆಮನೆಗೆ ಹೋದರೆ ಸಾಕು. ಸಿಲಿಂಡರಿನ ತಲೆಯ ಮೇಲೆ ಕೂತಿರುವ ರೆಗ್ಯುಲೇಟರನ್ನು ನೋಡಿ. ಆ ಚಪ್ಪಟೆ ಬಿಲ್ಲೆಯೊಳಗೆ ಅಡ್ಡಲಾಗಿ ಒಂದು ರಬ್ಬರಿನ ಪೊರೆ ಇದೆ. ಪೊರೆಯ ಕೆಳಗೆ ಒಲೆಗೆ ಹೋಗುವ ಗ್ಯಾಸು, ಮೇಲೆ ಒಂದು ಸ್ಪ್ರಿಂಗು ಮತ್ತು ಹೊರಗಿನ ಗಾಳಿ. ಹೊರಗಿನ ಗಾಳಿ ಪೊರೆಯನ್ನು ಮುಟ್ಟಲೆಂದೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಬಿಟ್ಟಿರುತ್ತಾರೆ. ನೀವು ಒಲೆ ಹಚ್ಚಿದಾಗ ಕೆಳಗಿನ ಗ್ಯಾಸಿನ ಒತ್ತಡ ತುಸು ಇಳಿಯುತ್ತದೆ, ಪೊರೆ ಕೆಳಗೆ ಬಾಗುತ್ತದೆ, ಅದಕ್ಕೆ ಅಂಟಿದ ಲಿವರ್ ಸಣ್ಣ ಬಾಗಿಲೊಂದನ್ನು ತೆರೆಯುತ್ತದೆ. ಒಲೆ ಆರಿಸಿದರೆ ಒತ್ತಡ ಏರಿ ಪೊರೆ ಮೇಲೆದ್ದು ಬಾಗಿಲು ಮುಚ್ಚಿಕೊಳ್ಳುತ್ತದೆ. ನಮ್ಮ ಮನೆಗಳ ರೆಗ್ಯುಲೇಟರ್ ಗ್ಯಾಸನ್ನು ಹೊರಗಿನ ಗಾಳಿಗಿಂತ ಸ್ವಲ್ಪವೇ ಹೆಚ್ಚಿನ ಒತ್ತಡದಲ್ಲಿ ಬಿಡುತ್ತದೆ. ಎಷ್ಟು ಸ್ವಲ್ಪ ಎಂದರೆ, 30 ಸೆಂಟಿಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡವನ್ನು ಒತ್ತುವಷ್ಟು. ಈ 30ರ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ಒಲೆಯ ಜಾಗದಲ್ಲಿ ಮನುಷ್ಯನ ಶ್ವಾಸಕೋಶವನ್ನಿಡಿ. ಹೊರಗಿನ ಗಾಳಿಯ ಜಾಗದಲ್ಲಿ ಸಮುದ್ರದ ನೀರನ್ನಿಡಿ. ಸೂಜಿಮೊನೆಯ ತೂತು ಸಾಲದು, ನೀರು ಸಲೀಸಾಗಿ ಒಳನುಗ್ಗಿ ಪೊರೆಯನ್ನು ಒತ್ತಬೇಕು. ಅದಕ್ಕೇ ಆ ಬ್ರಿಟಿಷರು ಮುಚ್ಚಳಕ್ಕೆ ದೊಡ್ಡ ತೂತುಗಳನ್ನು ಕೊರೆದದ್ದು. ಸ್ಪ್ರಿಂಗ್ ಪೊರೆಯನ್ನು ಸದಾ ಒತ್ತುತ್ತಿದ್ದರೆ ಉಸಿರೆಳೆಯದಿದ್ದರೂ ಗಾಳಿ ಬುಸುಗುಟ್ಟಿ ಸೋರಿಹೋಗುತ್ತದೆ. ಅದಕ್ಕೇ ಸ್ಪ್ರಿಂಗ್ ಬದಲಿಸಿದ್ದು. ಇಷ್ಟಾದರೆ, 10 ಮೀಟರ್ ಆಳದಲ್ಲಿ ನೀರು ಎಷ್ಟು ಬಲವಾಗಿ ಎದೆಯನ್ನು ಒತ್ತುತ್ತದೋ ಅಷ್ಟೇ ಬಲದ ಗಾಳಿ ಬಾಯಿಗೆ ಬರುತ್ತದೆ. 20 ಮೀಟರಿಗೆ ಇಳಿದರೆ ತಾನಾಗಿಯೇ ಅಷ್ಟಕ್ಕೆ ಏರುತ್ತದೆ. ಯಾರೂ ಯಾವ ತಿರುಪನ್ನೂ ತಿರುಗಿಸಬೇಕಿಲ್ಲ. ಇದಕ್ಕೆ ಹಿಂದೆ, 1920 ಮತ್ತು 30ರ ದಶಕಗಳಲ್ಲಿ, ಫ್ರಾನ್ಸಿನವರೇ ಆದ ಈವ್ ಲ ಪ್ರಿಯೋರ್ ಸಿಲಿಂಡರಿನ ಗಾಳಿಯಿಂದ ಮುಳುಗಿ ತೋರಿಸಿದ್ದರು, ಆದರೆ ಅವರ ಸಾಧನದಲ್ಲಿ ಗಾಳಿ ಒಂದೇ ಸಮನೆ ಹರಿಯುತ್ತಿತ್ತು, ಕೈಯಿಂದ ನಲ್ಲಿ ತಿರುಗಿಸಿ ಹೆಚ್ಚು ಕಡಿಮೆ ಮಾಡಿಕೊಳ್ಳಬೇಕಿತ್ತು. ಗಾಳಿಯಲ್ಲಿ ಬಹುಭಾಗ ಗುಳ್ಳೆಯಾಗಿ ಹೋಗುತ್ತಿತ್ತು.

ಮಕ್ಕಳು ಕೇಳುವ ಒಂದು ಪ್ರಶ್ನೆಗೂ ಇಲ್ಲೇ ಉತ್ತರವಿದೆ: ಉದ್ದನೆಯ ಪೈಪೊಂದನ್ನು ನೀರಿನ ಮೇಲಕ್ಕೆ ಬಿಟ್ಟು ಉಸಿರಾಡಿದರೆ ಆಗದೇ? ಆಗದು. ಒಂದೇ ಮೀಟರ್ ಆಳದಲ್ಲಿ ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ನೀರು 100 ಗ್ರಾಂ ಭಾರ ಹೇರುತ್ತದೆ. ಇಡೀ ಎದೆಯ ಮೇಲೆ ಲೆಕ್ಕ ಹಾಕಿದರೆ ಮೂಟೆ ಹೊತ್ತು ಮಲಗಿದ ಹಾಗೆ. ಪೈಪಿನಲ್ಲಿ ಬರುವ ಮೇಲಿನ ಗಾಳಿಗೆ ಆ ಭಾರವನ್ನು ಎದುರಿಸುವ ಶಕ್ತಿಯಿಲ್ಲ. ಪೈಪ್ ಕಟ್ಟಿಕೊಂಡು ಕೆರೆಗೆ ಇಳಿದ ಹುಡುಗರೆಲ್ಲ ಕಲಿತದ್ದು ಇದನ್ನೇ.

ಇನ್ನು ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಕೂಸ್ತೊ ಮತ್ತು ಗಾನ್ಯಾನ್ ಮೊದಲ ಮಾದರಿಯನ್ನು ಪ್ಯಾರಿಸ್ಸಿನ ಹೊರವಲಯದ ಮಾರ್ನ್ ನದಿಯಲ್ಲಿ ಪರೀಕ್ಷಿಸಿದರು. ಅಡ್ಡಲಾಗಿ ಈಜುವಾಗ ಎಲ್ಲ ಸರಿಯಿತ್ತು. ನೇರ ನಿಂತರೆ ಗಾಳಿ ಒಂದೇ ಸಮನೆ ಸುರಿದುಹೋಗುತ್ತಿತ್ತು. ತಲೆಕೆಳಗಾದರೆ ಉಸಿರೆಳೆಯುವುದೇ ಕಷ್ಟವಾಗುತ್ತಿತ್ತು. ಕವಾಟ ಕೆಟ್ಟಿರಲಿಲ್ಲ. ಬಿಟ್ಟ ಉಸಿರು ಹೊರಹೋಗುವ ಬಾಯಿಯನ್ನು ಪೊರೆಯಿಂದ ಸುಮಾರು ಒಂದು ಗೇಣು ದೂರದಲ್ಲಿ ಇಟ್ಟಿದ್ದರು, ಅದೇ ತಪ್ಪು. ನಿಂತಾಗ ಆ ಬಾಯಿ ಪೊರೆಗಿಂತ ಮೇಲಿರುತ್ತದೆ, ಅಲ್ಲಿ ನೀರಿನ ಒತ್ತಡ ತುಸು ಕಡಿಮೆ. ಆ ತುಸುವೇ ಸಾಕು, ಗಾಳಿ ಅತ್ತ ದಾರಿ ಹುಡುಕಿಕೊಂಡು ಹೊರಟುಬಿಡುತ್ತದೆ. ಒಂದು ಗೇಣು ನೀರಿನ ವ್ಯತ್ಯಾಸ ಅಷ್ಟೇ! ಪರಿಹಾರ ಹೊಳೆದದ್ದು ಮನೆಗೆ ಹಿಂದಿರುಗುವ ದಾರಿಯಲ್ಲಿ. ಉಸಿರು ಬಿಡುವ ಕೊಳವೆಯನ್ನೂ ಬೆನ್ನಿನ ಕವಾಟಕ್ಕೇ ತಂದು ಪೊರೆಯ ಪಕ್ಕದಲ್ಲಿ ಬಿಟ್ಟರು. ಹಳೆಯ ಚಿತ್ರಗಳಲ್ಲಿ ಮುಳುಗುಗಾರರ ಕೆನ್ನೆಯ ಎರಡೂ ಬದಿಯಲ್ಲಿ ಸುಕ್ಕುಸುಕ್ಕಾದ ರಬ್ಬರಿನ ಕೊಳವೆ ಕಾಣುವುದು ಇದೇ ಕಾರಣಕ್ಕೆ: ಒಂದು ಉಸಿರು ತರುತ್ತದೆ, ಇನ್ನೊಂದು ಒಯ್ಯುತ್ತದೆ. 1943ರ ಜೂನ್‌ನಲ್ಲಿ ಪೆಟ್ಟಿಗೆಯಲ್ಲಿ ಬಂದ ಈ ತಿದ್ದಿದ ಸಾಧನವನ್ನು ಫ್ರಾನ್ಸಿನ ದಕ್ಷಿಣ ಕರಾವಳಿಯ ಬಾಂದೋಲ್ ಎಂಬಲ್ಲಿ ಕೂಸ್ತೊ, ಅವರ ಗೆಳೆಯರಾದ ಫಿಲಿಪ್ ತಾಯೆ, ಫ್ರೆಡೆರಿಕ್ ದ್ಯುಮಾ ಮೂವರೂ ಕಡಲಿಗೆ ಇಳಿಸಿದರು.

ಮುಂದೆ ಲೇತ್ ಮುಂದೆ ಕುಳಿತು ತಮ್ಮದೇ ಕವಾಟ ಮಾಡಿಕೊಂಡವರಿಗೆ ಈ ಒಂದು ಗೇಣಿನ ಪಾಠ ಗೊತ್ತಿಲ್ಲದಿದ್ದರೆ ಎಷ್ಟು ಒಳ್ಳೆಯ ಹಿತ್ತಾಳೆ ಕಡೆದರೂ ಪ್ರಯೋಜನವಿರಲಿಲ್ಲ. ಕೈಕೆಲಸ ಬಲ್ಲವರು ಊರಿಗೊಬ್ಬರಿದ್ದರು. ನೀರು ಎಲ್ಲಿ ಎಷ್ಟು ಒತ್ತುತ್ತದೆ ಎಂಬುದನ್ನು ಮನಸ್ಸಿನ ಕಣ್ಣಿನಲ್ಲಿ ಕಾಣಬಲ್ಲವರು ಮಾತ್ರ ವಿರಳವಾಗಿದ್ದರು.

ಮನೆಯಲ್ಲೇ ಏಕೆ ಮಾಡಿಕೊಂಡರು ಎಂದರೆ, ಅಂಗಡಿಯಲ್ಲಿ ಕೊಳ್ಳುವಂತಿರಲಿಲ್ಲ. ಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ವಿದೇಶಿ ಹಣದ ಬಿಗಿ, ಆಮದಿಗೆ ನಿರ್ಬಂಧ. ದೇಶದಲ್ಲೇ ತಯಾರಾದ ಸಾಧನ ಸಂಬಳದವನ ಕೈಗೆಟುಕುತ್ತಿರಲಿಲ್ಲ. ಅದೇ ಹೊತ್ತಿಗೆ ಗುಜರಿ ಅಂಗಡಿಗಳಲ್ಲಿ ಯುದ್ಧದ ಉಳಿಕೆ ರಾಶಿ ಬಿದ್ದಿತ್ತು. ಎತ್ತರದಲ್ಲಿ ಹಾರುವ ಬಾಂಬರ್ ವಿಮಾನದವರಿಗೆ ಉಸಿರಾಟದ ಸಿಲಿಂಡರು, ಒತ್ತಡ ಇಳಿಸುವ ಕವಾಟ, ಸುಕ್ಕುಗೊಳವೆ, ಮುಖವಾಡ ಎಲ್ಲವೂ ಬೇಕಾಗಿದ್ದವು. ಮುಳುಗುಗಾರನಿಗೂ ಬೇಕಾದದ್ದು ಹೆಚ್ಚುಕಡಿಮೆ ಅವೇ. ಬ್ರಿಟಿಷ್ ವಾಯುಪಡೆಯ ಒಂದು ಸಿಲಿಂಡರಿಗೆ, ಒಂದು ಕಡೆ ಚೂಪಾಗುವ ಅದರ ಆಕಾರ ನೋಡಿ, ‘ಗೊದಮೊಟ್ಟೆ’ ಎಂಬ ಅರ್ಥದ ಅಡ್ಡಹೆಸರೇ ಬಿದ್ದಿತ್ತು. ಸುಮಾರು 120 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) 750 ಲೀಟರ್ ಗಾಳಿ ಹಿಡಿಯುವ ಸಿಲಿಂಡರುಗಳು ಗುಜರಿಯಲ್ಲಿ ಸಿಗುತ್ತಿದ್ದವು. ನಿಮಿಷಕ್ಕೆ 25 ಲೀಟರ್ ಉಸಿರಾಡುವವನಿಗೆ ಅದು ನೀರಿನ ಮೇಲ್ಮೈಯಲ್ಲಿ ಅರ್ಧ ಗಂಟೆ, ಒತ್ತಡ ಎರಡು ಪಟ್ಟಾಗುವ 10 ಮೀಟರ್ ಆಳದಲ್ಲಿ ಕಾಲು ಗಂಟೆ. ನೀವು ನೇತ್ರಾಣಿಯಲ್ಲಿ ಬೆನ್ನಿಗೆ ಕಟ್ಟಿಕೊಂಡದ್ದರಲ್ಲಿ ಸಾಮಾನ್ಯವಾಗಿ ಇದರ ಮೂರು ಪಟ್ಟು ಗಾಳಿ ಇರುತ್ತದೆ. ಹಾಗಾಗಿ ಅವರು ಎರಡು ಮೂರು ಸಿಲಿಂಡರುಗಳನ್ನು ಸೈನಿಕರ ಕ್ಯಾನ್ವಾಸ್ ಪಟ್ಟಿಗಳಿಂದ ಒಟ್ಟಿಗೆ ಬಿಗಿಯುತ್ತಿದ್ದರು. ಅಮೆರಿಕದಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳೂ ಹೀಗೆಯೇ ಬೆನ್ನೇರಿದವು. 1955ರ ಹೊತ್ತಿಗೆ ಬ್ರಿಟನ್ನಿನ ‘ಪ್ರಾಕ್ಟಿಕಲ್ ಮೆಕ್ಯಾನಿಕ್ಸ್’ ಪತ್ರಿಕೆ, ರೇಡಿಯೊ ಕಟ್ಟುವುದನ್ನು ಕಲಿಸುವ ರೀತಿಯಲ್ಲೇ, ಆಕ್ವಾ-ಲಂಗ್ ಮಾಡುವುದು ಹೇಗೆಂದು ಲೇಖನ ಪ್ರಕಟಿಸಿತು.

ನಿಮ್ಮ ಮಗ ಇಲ್ಲಿ ಒಂದು ಪ್ರಶ್ನೆ ಎತ್ತಬೇಕು. ಎತ್ತದಿದ್ದರೆ ನೀವೇ ಕೇಳಿ. ಗ್ಯಾಸಿನ ರೆಗ್ಯುಲೇಟರ್ ಕೆಲವೇ ಬಾರ್ ಒತ್ತಡಕ್ಕೆ ಮಾಡಿದ್ದು, ಸಿಲಿಂಡರಿನಲ್ಲಿರುವುದು 120. ನೇರವಾಗಿ ಜೋಡಿಸಿದರೆ ಆ ಪುಟ್ಟ ಬಾಗಿಲು ತಡೆದೀತೇ? ಇದಕ್ಕಾಗಿ ನಡುವೆ ಇನ್ನೊಂದು ಕವಾಟ ಬೇಕು. ಅದು ಮೊದಲು 120ನ್ನು ಏಳೆಂಟು ಬಾರ್‌ಗೆ ಇಳಿಸಬೇಕು, ಆಮೇಲೆ ಪೊರೆಯ ಕವಾಟ ಅದನ್ನು ನೀರಿನ ಒತ್ತಡಕ್ಕೆ ಹೊಂದಿಸಬೇಕು. ಇಂದಿನ ರೆಗ್ಯುಲೇಟರಿನಲ್ಲೂ ಹೀಗೆ ಎರಡು ಹಂತಗಳಿವೆ. ಸಿಲಿಂಡರಿನ ತಲೆಗೆ ಕಚ್ಚಿಕೊಳ್ಳುವುದು ಮೊದಲ ಹಂತ, ನೀವು ಹಲ್ಲಿನಲ್ಲಿ ಹಿಡಿದದ್ದು ಎರಡನೆಯದು.

ಹಲ್ಲಿನಲ್ಲಿ ಹಿಡಿಯುವ ಈ ಒಂಟಿ ಕೊಳವೆಯ ಮಾದರಿ ಫ್ರಾನ್ಸಿನಿಂದ ಬಂದದ್ದಲ್ಲ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಟೆಡ್ ಎಲ್ಡ್ರೆಡ್ ಎಂಬವರು ತಮ್ಮ ಕಾರ್ಯಾಗಾರದಲ್ಲಿ ಇದನ್ನು ರೂಪಿಸಿದರು. ಕೂಸ್ತೊ ಅವರ ಪೇಟೆಂಟನ್ನು ಮುಟ್ಟದೆ ಬೇರೆ ದಾರಿ ಹುಡುಕಬೇಕಿತ್ತು. ಪೊರೆಯ ಕವಾಟವನ್ನು ಬೆನ್ನಿನಿಂದ ಕಿತ್ತು ಬಾಯಿಗೇ ತಂದುಬಿಟ್ಟರೆ ಹೇಗೆ? ಆಗ ಉಸಿರು ಹೊರಹೋಗುವ ಜಾಗ ತಾನಾಗಿಯೇ ಪೊರೆಯ ಪಕ್ಕಕ್ಕೆ ಬರುತ್ತದೆ, ಒಂದು ಗೇಣಿನ ತೊಂದರೆಯೇ ಉಳಿಯುವುದಿಲ್ಲ. ಬೆನ್ನಿನಲ್ಲಿದ್ದ ಕವಾಟ ಈಜುವಾಗ ಶ್ವಾಸಕೋಶಕ್ಕಿಂತ ಮೇಲಿರುತ್ತಿದ್ದುದರಿಂದ ಪ್ರತಿ ಉಸಿರನ್ನೂ ಸ್ವಲ್ಪ ಹೀರಿ ಎಳೆಯಬೇಕಿತ್ತು, ಆ ಶ್ರಮವೂ ತಪ್ಪಿತು. ‘ಪೊರ್ಪಸ್’ ಎಂಬ ಹೆಸರಿನಲ್ಲಿ 1952ರಲ್ಲಿ ಅದು ಮಾರಾಟಕ್ಕೆ ಬಂತು. ಇಂದು ಜಗತ್ತಿನಲ್ಲಿ ಕ್ರೀಡೆಗೆಂದು ಮುಳುಗುವವರಲ್ಲಿ ಬಹುತೇಕ ಎಲ್ಲರೂ ಬಾಯಲ್ಲಿ ಕಚ್ಚಿಕೊಳ್ಳುವುದು ಎಲ್ಡ್ರೆಡ್ ತೋರಿಸಿದ ದಾರಿಯ ಸಾಧನವನ್ನು. ಕೂಸ್ತೊ ಹೆಸರು ಎಲ್ಲರಿಗೂ ಗೊತ್ತು, ಎಲ್ಡ್ರೆಡ್ ಹೆಸರನ್ನು ಡೈವಿಂಗ್ ಕಲಿಸುವವರೂ ಹೇಳುವುದಿಲ್ಲ. ಇದು ನನಗೆ ಬಹುಕಾಲದಿಂದ ನೋವು ಕೊಡುವ ವಿಷಯ. ಅದಕ್ಕೇ ಕೇಳದಿದ್ದರೂ ಹೇಳಿದೆ.

ಮಿಕ್ಕ ಸಲಕರಣೆಗಳ ಕಥೆ ಸುಲಭ. ಗಾಳಿಯ ಸಾಧನ ಬರುವ ಮೊದಲೇ ಉಸಿರು ಕಟ್ಟಿ ಮುಳುಗಿ ಮೀನು ಬೇಟೆಯಾಡುವವರು ಕನ್ನಡಕ ಮಾಡಿಕೊಂಡಿದ್ದರು. 1930ರ ದಶಕದಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿದ್ದ ಅಮೆರಿಕದ ಲೇಖಕ ಗೈ ಗಿಲ್ಪ್ಯಾಟ್ರಿಕ್, ವಿಮಾನ ಚಾಲಕರ ಹಳೆಯ ಕನ್ನಡಕದ ಗಾಳಿಕಿಂಡಿಗಳಿಗೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಬಳಿದು ನೀರಿಗೆ ಇಳಿದಿದ್ದರು. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊದಲ್ಲಿ 1933ರಲ್ಲಿ ಕೂಡಿಕೊಂಡ ‘ಬಾಟಮ್ ಸ್ಕ್ರ್ಯಾಚರ್ಸ್’ ಎಂಬ ಗೆಳೆಯರ ಬಳಗದ ಜಾಕ್ ಪ್ರೊಡಾನೊವಿಚ್ ಮತ್ತು ಸಂಗಡಿಗರು ಕನ್ನಡಕ, ಈಟಿ ಎಲ್ಲವನ್ನೂ ತಾವೇ ಮಾಡಿಕೊಂಡರು. ಕನ್ನಡಕದಲ್ಲಿ ಎರಡು ದೋಷಗಳಿದ್ದವು. ಎರಡು ಗಾಜುಗಳು ಒಂದೇ ಮಟ್ಟದಲ್ಲಿ ಕೂರದಿದ್ದರೆ ಒಂದು ಮೀನು ಎರಡಾಗಿ ಕಾಣುತ್ತಿತ್ತು. ಆಳಕ್ಕೆ ಹೋದಂತೆ ಒಳಗಿನ ಗಾಳಿ ಕುಗ್ಗಿ ಕಣ್ಣುಗುಡ್ಡೆಯನ್ನೇ ಹೊರಕ್ಕೆ ಎಳೆಯುತ್ತಿತ್ತು. ಮೂಗನ್ನೂ ಒಳಗೆ ಸೇರಿಸಿಕೊಂಡು ಒಂದೇ ಗಾಜಿನ ಮಾಸ್ಕ್ ಮಾಡಿದಾಗ ಎರಡೂ ನೀಗಿದವು. ಒತ್ತಡ ಹೆಚ್ಚಾದರೆ ಮೂಗಿನಿಂದ ತುಸು ಉಸಿರು ಬಿಟ್ಟು ಸರಿದೂಗಿಸಬಹುದು. ಕಾರಿನ ಟ್ಯೂಬು, ದಪ್ಪ ರಬ್ಬರ್ ಹೋಸ್, ದುಂಡಗೆ ಕತ್ತರಿಸಿದ ಗಾಜು, ಬಿಗಿಯಲು ತಗಡಿನ ಪಟ್ಟಿ: ಮಾಸ್ಕಿಗೆ ಇಷ್ಟೇ ಸಾಕಾಗಿತ್ತು. ಗಾಜು ಮಂಜಾಗದಂತೆ ಒಳಗೆ ಉಗುಳಿ ಒರೆಸುವ ಪದ್ಧತಿ ಆಗಿನದು, ನಿಮಗೂ ದೋಣಿಯಲ್ಲಿ ಅದನ್ನೇ ಹೇಳಿಕೊಟ್ಟಿರುತ್ತಾರೆ.

ತೂಕಕ್ಕೆ ಸೀಸವನ್ನು ಒಲೆಯ ಮೇಲೆ ಕರಗಿಸಿ ಅಡುಗೆಯ ಅಚ್ಚುಗಳಲ್ಲಿ ಎರಕ ಹೊಯ್ಯುತ್ತಿದ್ದರು. ಆ ಹೊಗೆ ಮನೆಯವರಿಗೆಲ್ಲ ವಿಷ, ಆಗ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚಳಿಗೆ ಉಣ್ಣೆಯ ಸ್ವೆಟರ್ ಮೇಲೆ ಸ್ವೆಟರ್. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್, ಬೆಚ್ಚಗಿರಲು ಮೈ ಒಣಗಿರಬೇಕಾಗಿಲ್ಲ ಎಂಬುದನ್ನು ಕಂಡುಕೊಂಡರು. ಗಾಳಿಗುಳ್ಳೆ ತುಂಬಿದ ನಿಯೊಪ್ರೀನ್ ರಬ್ಬರ್ ಹಾಳೆಯೇ ಶಾಖವನ್ನು ಹಿಡಿದಿಡುತ್ತದೆ, ಒಳಗೆ ನೀರು ಬಂದರೂ ಚಿಂತೆಯಿಲ್ಲ. ಆಮೇಲೆ ಜನ ಹಾಳೆ ತಂದು, ದರ್ಜಿಯಂತೆ ಕಾಗದದ ಅಳತೆಯಿಟ್ಟು ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿ, ಮೈಗೆ ಟಾಲ್ಕಂ ಪೌಡರ್ ಬಳಿದುಕೊಂಡು ಒಳಗೆ ಜಾರಿದರು. ಈ ಕೆಲಸಗಳಲ್ಲಿ ತಪ್ಪಾದರೆ ಚಳಿಯಾಗುತ್ತಿತ್ತು, ಮಾಸ್ಕಿನೊಳಗೆ ನೀರು ಬರುತ್ತಿತ್ತು. ಜೀವ ಹೋಗುತ್ತಿರಲಿಲ್ಲ.

ಜೀವ ಹೋಗುತ್ತಿದ್ದುದು ಕಣ್ಣಿಗೆ ಕಾಣದ ಮೂರು ಕಡೆಗಳಲ್ಲಿ. ಈ ಭಾಗವನ್ನು ನಿಮ್ಮ ಮಗನಿಗೆ ಎರಡು ಬಾರಿ ಓದಿಸಿ.

ಮೊದಲನೆಯದು ಆಮ್ಲಜನಕ. ನಮ್ಮ ಪತ್ರಿಕೆಗಳು ಇಂದಿಗೂ ಸ್ಕೂಬಾ ಸುದ್ದಿ ಬರೆಯುವಾಗ ‘ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು’ ಎಂದೇ ಬರೆಯುತ್ತವೆ. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಸಿಲಿಂಡರಿನಲ್ಲಿರುವುದು ನಾವು ಉಸಿರಾಡುವ ಮಾಮೂಲು ಗಾಳಿ, ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವನ್ನು ಸುಮಾರು 6 ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಅದು ಮಿದುಳಿಗೆ ವಿಷವಾಗುತ್ತದೆ, ಮುನ್ಸೂಚನೆಯೂ ಇಲ್ಲದೆ ಫಿಟ್ಸ್ ಬರಬಹುದು. ಕೂಸ್ತೊ ಅವರೇ ಇದಕ್ಕೆ ಸಾಕ್ಷಿ. ಆಕ್ವಾ-ಲಂಗ್‌ಗೆ ಮೊದಲು, 1939ರಲ್ಲಿ, ಅವರು ಯುದ್ಧನೌಕೆಯ ಬಂದೂಕು ರಿಪೇರಿ ಮಾಡುವವನ ಕೈಯಲ್ಲಿ ಒಂದು ಸಾಧನ ಮಾಡಿಸಿದ್ದರು. ವಿಷಾನಿಲ ಮುಖವಾಡದ ಡಬ್ಬಿಯಲ್ಲಿ ಸೋಡಾಸುಣ್ಣ, ಮೋಟಾರ್ ಬೈಕಿನ ಟ್ಯೂಬು, ಆಮ್ಲಜನಕದ ಪುಟ್ಟ ಬುಡ್ಡಿ. ಬಿಟ್ಟ ಉಸಿರನ್ನು ಸುಣ್ಣ ಶುದ್ಧ ಮಾಡಿ ಮತ್ತೆ ಬಾಯಿಗೆ ಕಳುಹಿಸಬೇಕು. ಅಪ್ಪಟ ಮನೆತಯಾರಿಕೆ. ಸುಮಾರು 14 ಮೀಟರ್ ಆಳದಲ್ಲಿ ಅವರಿಗೆ ಫಿಟ್ಸ್ ಬಂತು, ಪ್ರಜ್ಞೆ ತಪ್ಪುವ ಮೊದಲು ಹೇಗೋ ತೂಕದ ಪಟ್ಟಿ ಕಳಚಿದ್ದರಿಂದ ಬದುಕಿದರು. ಸಾಧನವನ್ನು ತಿದ್ದಿ ಮತ್ತೆ ಇಳಿದರು, ಮತ್ತೆ ಅದೇ ಆಯಿತು. ತಿದ್ದಬೇಕಾದದ್ದು ಸಾಧನದಲ್ಲಿ ಏನೂ ಇರಲಿಲ್ಲ, ದೋಷ ಅನಿಲದ್ದೇ ಆಗಿತ್ತು. ತೂಕದ ಪಟ್ಟಿಗೆ ಒಂದೇ ಕೈಯಿಂದ ಕಳಚುವ ಕೊಂಡಿ ಇರಲೇಬೇಕು ಎಂದು ನಿಮಗೆ ದೋಣಿಯಲ್ಲಿ ಹೇಳಿದ್ದರ ಹಿಂದೆ ಇಂಥ ಅನುಭವಗಳಿವೆ.

ಎರಡನೆಯದು ಗಾಳಿ ತುಂಬುವ ಯಂತ್ರ. ಎಣ್ಣೆ ಬಳಸುವ ಕಂಪ್ರೆಸರ್ ಬಿಸಿಯಾದರೆ ಎಣ್ಣೆಯ ಆವಿ ಗಾಳಿಗೆ ಸೇರುತ್ತದೆ. ಪೆಟ್ರೋಲ್ ಎಂಜಿನ್ನಿನ ಹೊಗೆಕೊಳವೆ ಗಾಳಿ ಎಳೆಯುವ ಬಾಯಿಯ ಹತ್ತಿರವಿದ್ದರೆ ಕಾರ್ಬನ್ ಮೊನಾಕ್ಸೈಡ್ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನೆಲದ ಮೇಲೆ ಬರೀ ತಲೆನೋವು ತರುವಷ್ಟು ಪ್ರಮಾಣ 30 ಮೀಟರ್ ಆಳದಲ್ಲಿ ನಾಲ್ಕು ಪಟ್ಟು ಬಲದಿಂದ ರಕ್ತಕ್ಕೆ ಹತ್ತುತ್ತದೆ. ಕೆಲವು ವರ್ಷಗಳ ಹಿಂದೆ, ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಉದ್ದನೆಯ ಪೈಪು ಜೋಡಿಸಿ ಮುಳುಗುತ್ತಿದ್ದ ಇಬ್ಬರು ಯುವಕರು ನನ್ನ ಬಳಿ ಸಲಹೆ ಕೇಳಲು ಬಂದಿದ್ದರು. ನಾನು ಏನೂ ಹೇಳದೆ ಪೈಪಿನ ಬಾಯಿಗೆ ಬಿಳಿ ಪಂಚೆಯ ತುಂಡನ್ನು ಕಟ್ಟಿ ಯಂತ್ರ ಓಡಿಸಿದೆ. ಐದು ನಿಮಿಷದಲ್ಲಿ ಬಟ್ಟೆಯ ಮೇಲೆ ನಾಣ್ಯದಷ್ಟು ಹಳದಿ ಕಲೆ ಬಿತ್ತು. ಅದು ಅವರ ಶ್ವಾಸಕೋಶದೊಳಗೆ ಬೀಳುತ್ತಿದ್ದ ಎಣ್ಣೆ. ಇಬ್ಬರೂ ಬಹಳ ಹೊತ್ತು ಆ ಬಟ್ಟೆಯನ್ನೇ ನೋಡುತ್ತಿದ್ದರು.

ಮೂರನೆಯದಕ್ಕೆ ಯಂತ್ರ ಕೆಡಬೇಕಾಗಿಯೇ ಇಲ್ಲ. ಅತ್ಯುತ್ತಮ ಸಾಧನವೂ ಈ ರೀತಿ ಕೊಲ್ಲುತ್ತದೆ. ಉಸಿರು ಕಟ್ಟಿ ಮುಳುಗುವವರಿಗೆ ಉಸಿರು ಹಿಡಿದೇ ಮೇಲೆ ಬರುವ ಅಭ್ಯಾಸ. ಅವರ ಎದೆಯಲ್ಲಿರುವುದು ಮೇಲಿಂದ ಒಯ್ದ ಗಾಳಿ, ಹಿಂದಿರುಗುವಾಗ ಮೊದಲಿದ್ದಷ್ಟೇ ಆಗುತ್ತದೆ. ಆದರೆ 10 ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಎದೆ ತುಂಬ ಎಳೆದುಕೊಂಡ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಹಿಡಿದಿದ್ದರೆ ಶ್ವಾಸಕೋಶ ಹರಿಯುತ್ತದೆ, ಗುಳ್ಳೆ ರಕ್ತಕ್ಕೆ ನುಗ್ಗಿ ಮಿದುಳು ಸೇರುತ್ತದೆ. ಎದೆ ತುಂಬ ಗಾಳಿಯಿದ್ದರೆ ಒಂದೂವರೆ ಮೀಟರ್ ಆಳವೂ ಇದಕ್ಕೆ ಸಾಕು, ಈಜುಕೊಳವೂ ಅಪಾಯವೇ. ಮನೆಯಲ್ಲಿ ಕವಾಟ ಮಾಡಿಕೊಂಡ ಕುಶಲಿಗಳಲ್ಲಿ ಎಷ್ಟೋ ಜನರಿಗೆ ಇದನ್ನು ಹೇಳುವವರೇ ಇರಲಿಲ್ಲ. 1953ರ ಅಕ್ಟೋಬರಿನಲ್ಲಿ ಆಸ್ಕರ್ ಗ್ಯೂಗೆನ್ ಮತ್ತು ಪೀಟರ್ ಸ್ಮಾಲ್ ಲಂಡನ್ನಿನಲ್ಲಿ ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಸ್ಥಾಪಿಸಿದರು. ಸುಮಾರು ಅದೇ ಹೊತ್ತಿಗೆ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯೂ ಬೋಧಕರಿಗೆ ತರಬೇತಿ ಕೊಡಲು ಮುಂದಾಯಿತು. ‘ಉಸಿರು ಹಿಡಿಯಬೇಡಿ’ ಎಂಬ ಪಾಠ ಕ್ರಮಬದ್ಧವಾಗಿ ಹೊಸಬರಿಗೆ ತಲುಪಿದ್ದು ಇಂಥ ಕಡೆಗಳಿಂದ. ಲೇತಿನಲ್ಲಿ ಕಡೆದ ಯಾವ ಭಾಗವೂ ಉಳಿಸದಷ್ಟು ಜೀವಗಳನ್ನು ಆ ಎರಡು ಪದಗಳು ಉಳಿಸಿವೆ.

ಈಗ ನಿಮ್ಮ ಮಗನ ಪ್ರಶ್ನೆ. ಅವರು ಮಾಡಿದ್ದನ್ನು ಅವನೂ ಮಾಡಬಹುದೇ? ಉಸಿರಾಡುವ ಸಾಧನವನ್ನು ಮಾಡಿ ಅದನ್ನು ಬಾಯಲ್ಲಿಟ್ಟು ನೀರಿಗೆ ಇಳಿಯುವುದು ಖಂಡಿತ ಬೇಡ. ಈಜುಕೊಳದಲ್ಲೂ ಬೇಡ, ಬಾವಿಯಲ್ಲೂ ಬೇಡ, ಗೆಳೆಯ ಹಗ್ಗ ಹಿಡಿದಿದ್ದರೂ ಬೇಡ. ಅಂದು ಅವರಿಗೆ ಬೇರೆ ದಾರಿಯಿರಲಿಲ್ಲ, ಇವನಿಗಿದೆ. ಗುಜರಿಯಲ್ಲಿ ಸಿಕ್ಕ ಸಿಲಿಂಡರನ್ನು ತುಂಬಿಸುವುದಂತೂ ನೀರಿಗೆ ಇಳಿಯುವ ಮೊದಲೇ ಅಪಾಯ. ಒಳಗೆ ತುಕ್ಕು ತಿಂದ ಉಕ್ಕಿನ ಸಿಲಿಂಡರ್ 120 ಬಾರ್‌ಗೆ ಬಾಂಬು. ಮನೆಯ ಗ್ಯಾಸ್ ರೆಗ್ಯುಲೇಟರನ್ನೂ ಬಿಚ್ಚಬಾರದು, ಅದು ಗ್ಯಾಸ್ ಕಂಪನಿಯ ಸೊತ್ತು. ಬಿಚ್ಚಿ ಮತ್ತೆ ಒಲೆಗೆ ಜೋಡಿಸಿದರೆ ಇಡೀ ಮನೆಗೆ ಅಪಾಯ.

ಹಾಗೆಂದು ಅವನ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ. ಡೈವಿಂಗ್ ಕೋರ್ಸ್ ಮಾಡಲಿ, ಅನಂತರ ರೆಗ್ಯುಲೇಟರ್ ದುರಸ್ತಿಯ ತರಬೇತಿ ಪಡೆಯಲಿ. ನಮ್ಮ ಕರಾವಳಿಯಲ್ಲಿ ಆ ಕೆಲಸ ಬಲ್ಲವರು ತೀರ ಕಡಿಮೆ. ಅಲ್ಲಿಯವರೆಗೆ ಈ ವಾರವೇ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಅಗಲ ಬಾಯಿಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಂದರ ಬಾಯಿಗೆ ದೊಡ್ಡ ಬಲೂನಿನ ರಬ್ಬರನ್ನು ಸಡಿಲವಾಗದಂತೆ ಕಟ್ಟಲಿ. ಡಬ್ಬಿಯ ಬದಿಗೆ ತೂತು ಕೊರೆದು, ಒಂದೂವರೆ ಮೀಟರ್ ಉದ್ದದ ಪಾರದರ್ಶಕ ನಳಿಕೆ ತೂರಿಸಿ, ಸುತ್ತ ನೀರು ಸೋರದಂತೆ ಎಂ-ಸೀಲ್ ಮೆತ್ತಲಿ. ನೀರು ತುಂಬಿದ ಡ್ರಮ್ಮಿನೊಳಗೆ ರಬ್ಬರಿನ ಮುಖ ಕಾಣುವಂತೆ ಡಬ್ಬಿಯನ್ನು ಇಳಿಸಲಿ, ನಳಿಕೆಯ ತುದಿ ಅವನ ಬಾಯಲ್ಲಿರಲಿ, ತಲೆ ನೀರಿನ ಹೊರಗೇ ಇರಲಿ. ಆಳಕ್ಕೆ ಹೋದಂತೆ ನೀರು ಪೊರೆಯನ್ನು ಒಳಗೆ ಒತ್ತುವುದು ಕಾಣುತ್ತದೆ. ಪೊರೆ ಮತ್ತೆ ಸಮತಟ್ಟಾಗುವವರೆಗೆ ಮೆಲ್ಲಗೆ ಊದಲಿ. ಹತ್ತು ಸೆಂಟಿಮೀಟರಿನಲ್ಲಿ ಒಮ್ಮೆ, ಇಪ್ಪತ್ತರಲ್ಲಿ ಒಮ್ಮೆ, ಪ್ರತಿ ಸಲವೂ ಕೆನ್ನೆಗೆ ಎಷ್ಟು ಬಲ ಬೇಕಾಯಿತೆಂದು ಗಮನಿಸಲಿ. ಒಂದು ಗೇಣಿನ ವ್ಯತ್ಯಾಸ ಎಂದರೆ ಏನೆಂದು ಅವನಿಗೆ ಬಾಯಲ್ಲೇ ತಿಳಿಯುತ್ತದೆ. ಡಬ್ಬಿ 30 ಸೆಂಟಿಮೀಟರ್ ಆಳ ಮುಟ್ಟಿದಾಗ ಒಂದು ಕ್ಷಣ ನಿಲ್ಲಿಸಿ, ಅಲ್ಲಿ ಪೊರೆಯನ್ನು ಸಮ ಹಿಡಿಯಲು ಅವನು ಎಷ್ಟು ಜೋರಾಗಿ ಊದುತ್ತಿದ್ದಾನೋ, ನಿಮ್ಮ ಅಡುಗೆಮನೆಯ ಒಲೆಗೆ ಗ್ಯಾಸು ಬರುತ್ತಿರುವುದು ಅಷ್ಟೇ ಒತ್ತಡದಲ್ಲಿ ಎಂದು ಹೇಳಿ.